ಸವಕಳಿ

ನಮ್ಮ ಮನೆಯಲ್ಲೊಂದು ಜರ್ಮನ್ ಬೋಗುಣಿ ಇತ್ತು. ಇತ್ತು ಅನ್ನುತ್ತೇನೆ, ಯಾಕೆಂದರೆ ಈಗ ಅದಕ್ಕೆ ತಳವಿಲ್ಲ. ಯುಗಾದಿಯ ಹೋಳಿಗೆಗೆ ಬೇಳೆ ಕುದಿಯುತ್ತಿದ್ದದ್ದು ಅದರಲ್ಲಿ, ಸೀಗಿ ಹುಣ್ಣಿಮೆಗೆ ಹೊಲಕ್ಕೆ ಅನ್ನ ಹೋಗುತ್ತಿದ್ದದ್ದು ಅದರಲ್ಲಿ. ಅಂಥದ್ದಕ್ಕೆ ಕಾಸ್ಟಿಕ್ ಸೋಡಾ ಸುರಿದು ಹಿತ್ತಲ ಒಲೆಯ ಮೇಲಿಟ್ಟವನು ನಾನು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ, ‘ಅಲ್ಯುಮಿನಿಯಂ ಕ್ಷಾರದೊಡನೆ ವರ್ತಿಸಿ ಹೈಡ್ರೋಜನ್ ಅನಿಲವನ್ನು ಬಿಡುಗಡೆ ಮಾಡುತ್ತದೆ’ ಎಂದು ವರ್ಷಕ್ಕೊಮ್ಮೆ ತಪ್ಪದೆ ಬೋರ್ಡಿನ ಮೇಲೆ ಬರೆದವನೂ ನಾನೇ. ಆದರೆ ಬೋರ್ಡಿನ ಮೇಲೆ ಇದ್ದದ್ದು ಅಲ್ಯುಮಿನಿಯಂ, ಅಡಿಗೆಮನೆಯಲ್ಲಿ ಇದ್ದದ್ದು ಜರ್ಮನ್. ಎರಡೂ ಒಂದೇ ಎಂಬುದು ಬೋಗುಣಿ ಬುಸ್ಸೆಂದು ನೊರೆ ಉಗುಳತೊಡಗಿದ ಮೇಲೇ ಹೊಳೆಯಿತು. ಕೆಳಗೆ ಬೆಂಕಿ, ಮೇಲೆ ಹೈಡ್ರೋಜನ್. ಬಯಲಲ್ಲಿ ಇಟ್ಟಿದ್ದಕ್ಕೆ ಬದುಕಿದೆ.

ನಮ್ಮಾಕೆ ಹಿತ್ತಲ ಬಾಗಿಲಲ್ಲಿ ನಿಂತು ತೂತಿನೊಳಗಿಂದ ಆಕಾಶ ನೋಡಿದಳು. “ಬೆಳ್ಳಿ ತಗೀತೀನಿ ಅಂತ ಬೋಗುಣಿ ಕಳದ್ರಿ. ಇನ್ನ ಬಂಗಾರ ತಗಿಯಾಕ ನಿಂತರ ಮನೀನ ಹೋಗತೈತಿ.”

ಈ ಹುಚ್ಚು ಹತ್ತಿದ್ದು ನಿವೃತ್ತಿಯಾದ ವರ್ಷ, ಮಾನೌಮಿಗೆ ಮನೆ ತೊಳೆಯುವಾಗ. ನಮ್ಮ ದುಂಡಸಿಯಲ್ಲಿ ಹಬ್ಬಕ್ಕೆ ಮೊದಲು ಅಟ್ಟದ ಮೇಲಿನದ್ದೆಲ್ಲ ಅಂಗಳಕ್ಕೆ ಇಳಿಯಲೇಬೇಕು. ಹಾಗೆ ಇಳಿದ ಸಾಮಾನಿನಲ್ಲಿ ಎಕ್ಸ್‌ರೇ ಫಿಲಂಗಳ ಒಂದು ಕಟ್ಟು ಇತ್ತು. ಅಪ್ಪನ ಎದೆ, ಅಣ್ಣನ ಮುರಿದ ಮೊಳಕೈ, ಅವ್ವನ ಮೊಣಕಾಲು. ಎರಡು ತಲೆಮಾರಿನ ಬೇನೆಯನ್ನು ಒಂದು ದಾರದಲ್ಲಿ ಕಟ್ಟಿಟ್ಟಂತೆ. ಅದೇ ಹೊತ್ತಿಗೆ ಹಳೇ ಸಾಮಾನಿನವನು ಬಂದ. ಒಡೆದ ಬಕೆಟ್ಟು, ತುಕ್ಕು ಹಿಡಿದ ಕುಂಟಿ ಯಾವುದಕ್ಕೂ ಮನಸ್ಸು ಕೊಡದವನು ಆ ಕಟ್ಟನ್ನು ಕಂಡದ್ದೇ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. “ಇವನ್ನ ಕೊಡತೀರೇನ್ರಿ ಸರ?” ಎಂದು ಕೇಳಿದ ದನಿ ಬಹಳ ಸಣ್ಣದಿತ್ತು. ಸಂತೆಯಲ್ಲಿ ಬೇಕಾದ ದನವನ್ನು ಬೇಡವಾದಂತೆ ನೋಡುತ್ತಾರಲ್ಲ, ಹಾಗೆ. ನಾನು ಕೊಡಲಿಲ್ಲ. ಅವನು ಹೋದ ಮೇಲೆ ಒಂದು ಫಿಲಂ ತೆಗೆದು ಬಿಸಿಲಿಗೆ ಹಿಡಿದೆ.

ಫಿಲಂನ ಮೇಲೆ ಬೆಳ್ಳಿಯ ಲವಣ ಸವರಿರುತ್ತಾರೆ. ಕಿರಣ ಬಿದ್ದಲ್ಲಿ, ತೊಳೆಯುವ ಹಂತದಲ್ಲಿ, ಅದು ಅಪ್ಪಟ ಬೆಳ್ಳಿಯ ಕಣವಾಗಿ ಕಪ್ಪಗೆ ಕೂಡುತ್ತದೆ. ಬೀಳದ ಕಡೆಯದು ಹೈಪೋ ದ್ರಾವಣದಲ್ಲಿ ತೊಳೆದು ಹೋಗುತ್ತದೆ. ಇದನ್ನೂ ಪಾಠ ಮಾಡಿದ್ದೆ. ಆದರೆ ಪಾಠ ಮಾಡುವಾಗ ಕಾಣದ ಒಂದು ಮಾತು ಅವತ್ತು ಕಂಡಿತು. ಫಿಲಂನಲ್ಲಿ ಕಪ್ಪಗಿರುವುದು ಬೆಳ್ಳಿ. ಎಲುಬು ಬೆಳ್ಳಗೆ ಕಾಣುವುದು ಅಲ್ಲಿ ಬೆಳ್ಳಿ ಇಲ್ಲದ್ದಕ್ಕೆ. ಅಂದರೆ ಅವ್ವನ ಮೊಣಕಾಲು ಎಂದು ನಾನು ನೋಡುತ್ತಿದ್ದದ್ದು ಬೆಳ್ಳಿಯ ನಡುವಿನ ಒಂದು ಖಾಲಿ ಜಾಗ. ರಾಂಟ್‌ಜೆನ್ 1895ರ ಡಿಸೆಂಬರಿನಲ್ಲಿ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗ ಎಲುಬಿನ ಜೊತೆ ಬೆರಳಿನ ಉಂಗುರವೂ ಮೂಡಿತ್ತು. ಲೋಹ ಕಿರಣವನ್ನು ತಡೆಯುತ್ತದೆ, ತಡೆದ ಕಡೆ ಬೆಳ್ಳಿ ಕೂಡುವುದಿಲ್ಲ. ಆ ಮೊದಲ ಚಿತ್ರಗಳಲ್ಲೇ ಉಂಗುರ ತನ್ನ ಜಾಗದಲ್ಲಿ ಬೆಳ್ಳಿ ಇರಗೊಡಲಿಲ್ಲ.

1980ರ ಫೆಬ್ರುವರಿ 16 ನೆನಪಾಯಿತು. ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾದ ಕಡೆಯಿಂದ ಬಂದು ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾಯ್ದ ದಿನ. ಹಿರಿಯರು ಬಾಗಿಲು ಹಾಕಿಕೊಂಡು ಕೂತರು. ನಾನು ಅಪ್ಪನ ಎದೆಯ ಎಕ್ಸ್‌ರೇ ಕದ್ದುಕೊಂಡು ಮಾಳಿಗೆ ಹತ್ತಿದೆ. ಹಾಗೆ ನೋಡಬಾರದು, ಕಣ್ಣು ಹೋಗುತ್ತದೆ ಎಂದು ಆಮೇಲೆ ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಆದರೆ ಅವತ್ತು ಸೂರ್ಯ ಕರಗುತ್ತಿದ್ದದ್ದನ್ನು ನಾನು ಕಂಡದ್ದು ಅಪ್ಪನ ಪಕ್ಕೆಲುಬಿನ ಸಂದಿಯ ಬೆಳ್ಳಿಯೊಳಗಿಂದ.

ಇಷ್ಟೆಲ್ಲ ಹೊಳೆದ ಮೇಲೆ ಸುಮ್ಮನಿರುವುದು ಹೇಗೆ? ಪರಿಚಯದ ದವಾಖಾನೆಯೊಂದರಿಂದ ಯಾರೂ ಒಯ್ಯದೆ ಬಿಟ್ಟ ಹಳೇ ಫಿಲಂ ಕೇಳಿ ತಂದೆ. ಬೋಗುಣಿಯ ಪ್ರಕರಣ ನಡೆದದ್ದು ಆಗಲೇ. ತಳವಿಲ್ಲದ ಬೋಗುಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆಸುಗೆಯಾದೀತೇನೋ ಎಂದು ಕೇಳಲು ನಮ್ಮ ಪತ್ತಾರ ಕಾಕಾನ ಹತ್ತಿರ ಹೋದೆ. ಕಾಕಾ ಅದನ್ನು ತಿರುಗಿಸಿ ನೋಡಿ, “ಜರ್ಮನ್ನಿಗೆ ಸೋಡಾ ಹಾಕಿದ್ರೇನ್ರಿ? ನಿಮಗ ಇದನ್ನ ಸಾಲ್ಯಾಗ ಕಲಿಸಿಲ್ಲೇನು?” ಎಂದ. ಕಲಿಸುವವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಕಾಕಾನ ಅಂಗಡಿ ಅಂದರೆ ಮನೆಯ ಪಡಸಾಲೆಯ ಒಂದು ಮೂಲೆ. ಅಗ್ಗಿಷ್ಟಿಗೆ, ಊದುಗೊಳವೆ, ಚಿಮಟ, ಮೂಸೆ, ಬಿಳಿಗಾರದ ಡಬ್ಬಿ, ಕೂತು ಕೂತು ನುಣುಪಾದ ಚಾಪೆ. ಅಗಸಾಲಿ, ಅಕ್ಕಸಾಲಿಗ ಎಂಬ ನಮ್ಮ ಮಾತಿನ ಹಿಂದೆ ‘ಅಕ್ಷಶಾಲೆ’ ಎಂಬ ಹಳೆಯ ಹೆಸರಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ಬಂಗಾರದ ಕಾರ್ಖಾನೆಗೆ ಹಾಗೆನ್ನುತ್ತಾರೆ. ಪತ್ತಾರರು ಯಾವ ಯಾವ ಬಗೆಯಲ್ಲಿ ಬಂಗಾರ ಎಗರಿಸಬಹುದು ಎಂಬುದನ್ನೂ ಕೌಟಿಲ್ಯ ಬಹಳ ಆಸ್ಥೆಯಿಂದ ಬರೆದಿದ್ದಾನೆ. ಇದನ್ನು ಕಾಕಾನಿಗೆ ಹೇಳಿದೆ. “ಅಂವಾ ಪತ್ತಾರನ ಮಗ್ಗಲಕ ಕುಂತು ಬರದಿಲ್ಲ ಬಿಡ್ರಿ. ಕುಂತಿದ್ರ ಇನ್ನೂ ನಾಕು ಗೊತ್ತಾಗ್ತಿದ್ವು” ಎಂದು ನಕ್ಕ.

ನಾನು ಮಗ್ಗುಲಲ್ಲಿ ಕೂತೆ. ಒಂದು ಮಳೆಗಾಲ ಪೂರ್ತಿ ಕೂತೆ.

ಕೂತು ಕಂಡ ಮೊದಲ ಸಂಗತಿ ಎಂದರೆ ಕಾಕಾನ ಅಂಗಡಿಯಿಂದ ಏನೂ ಹೊರಗೆ ಹೋಗುವುದಿಲ್ಲ. ಅರ ತಿಕ್ಕಿದ ಪುಡಿ ತೊಡೆಯ ಮೇಲಿನ ಅರಿವೆಗೆ ಬೀಳುತ್ತದೆ, ಅರಿವೆಯಿಂದ ಡಬ್ಬಿಗೆ. ಏಳುವಾಗ ಕಾಕಾ ಧೋತರ ಝಾಡಿಸುವುದು ಚಾಪೆಯ ಮೇಲೆಯೇ. ಕೈ ತೊಳೆದ ನೀರು ಒಂದು ಮಣ್ಣಿನ ಬಾನಿಗೆ ಹೋಗಿ ಅಲ್ಲೇ ತಿಳಿಯಾಗುತ್ತದೆ. ಕಸಬರಿಗೆಯ ಕಸ ಒಂದು ಚೀಲಕ್ಕೆ. ಚಾಪೆ ಹರಿದರೆ ಎಸೆಯುವುದಿಲ್ಲ, ಸುಟ್ಟು ಬೂದಿಯನ್ನು ನೀರಿನಲ್ಲಿ ಜಾಲಿಸುತ್ತಾರೆ. ಅಕ್ಕಿಯಲ್ಲಿಯ ಕಲ್ಲು ತೆಗೆಯಲು ನಮ್ಮ ಹೆಣ್ಣುಮಕ್ಕಳು ಹೇಗೆ ಜಾಲಿಸುತ್ತಾರೋ ಹಾಗೆಯೇ. ಅಲ್ಲಿ ತಳದಲ್ಲಿ ಉಳಿದದ್ದು ಬೇಡ, ಇಲ್ಲಿ ತಳದಲ್ಲಿ ಉಳಿದದ್ದೇ ಬೇಕು. ಬಂಗಾರ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಮಾತ್ರ. ನೀರು ತೂಗಿ ತೂಗಿ ಹಗುರಾದದ್ದನ್ನೆಲ್ಲ ಒಯ್ದುಬಿಡುತ್ತದೆ.

ಈ ಜಾಲಿಸುವವರೇ ಜಲಗಾರರು. ಗದಗ ಸೀಮೆಯ ಕಪ್ಪತಗುಡ್ಡದಿಂದ ಇಳಿಯುವ ಸೊರಟೂರು, ದೋಣಿಯ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಿಗೆ ಹಿಡಿದು ಮರಳು ತೊಳೆದು ಬಂಗಾರದ ಕಣ ಆರಿಸುತ್ತಿದ್ದ ಮಂದಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ ಬಂಗಾರದ ಕಲ್ಲಿನ ಬಗ್ಗೆ 1874ರಲ್ಲಿ ಬರೆದ. ಆಮೇಲೆ ಕಂಪನಿಗಳು ಬಂದವು, ಕಬಲಾಯತಕಟ್ಟಿಯಲ್ಲಿ ಗಣಿ ತೋಡಿದರು, ಕೆಲವೇ ವರ್ಷದಲ್ಲಿ ಮುಚ್ಚಿದರು. ಹಳ್ಳದಲ್ಲಿ ಕೆಲಸವಿಲ್ಲದ ದಿನ ಜಲಗಾರರು ಊರೂರು ತಿರುಗಿ ಪತ್ತಾರರ ಅಂಗಡಿಯ ಕಸ ಗುತ್ತಿಗೆ ಹಿಡಿಯುತ್ತಿದ್ದರು. ಅಂಗಡಿ ಮುಂದಿನ ಗಟಾರದ ರಾಡಿಯನ್ನೂ ಬಿಡುತ್ತಿರಲಿಲ್ಲ. ಕಾಕಾ ಚಿಕ್ಕವನಿದ್ದಾಗ ವರ್ಷಕ್ಕೊಮ್ಮೆ ಒಬ್ಬ ಬರುತ್ತಿದ್ದನಂತೆ. “ಅಂವಾ ಕಸದ ಚೀಲ ಕೈಯಾಗ ಎತ್ತಿ ನೋಡಿ ರೊಕ್ಕ ಹೇಳ್ತಿದ್ದ. ನಮ್ಮಪ್ಪ ಒಂದು ದಿವಸ ಚೌಕಾಶಿ ಮಾಡಲಿಲ್ಲ.”

ಜಲಗಾರ ಎಂದರೆ ನಮಗೆ ನೆನಪಾಗುವುದು ಕುವೆಂಪು ಅವರ 1928ರ ನಾಟಕ. ಅಲ್ಲಿಯ ಜಲಗಾರ ಬೀದಿ ಗುಡಿಸುವವನು. ಶಿವ ಅವನ ಎದುರಿಗೆ ತಾನೂ ಜಗದ ಜಲಗಾರನೆಂದು ಬಂದು ನಿಲ್ಲುತ್ತಾನೆ. ಬೀದಿ ಗುಡಿಸುವವನಿಗೂ ಬಂಗಾರ ತೊಳೆಯುವವನಿಗೂ ಕನ್ನಡ ಒಂದೇ ಹೆಸರಿಟ್ಟಿದೆ. ಇದು ಭಾಷೆಯ ಬಡತನವಲ್ಲ. ಇಬ್ಬರದೂ ನೆಲ ನೋಡುವ ಕೆಲಸ, ಬಿದ್ದದ್ದನ್ನು ಲೆಕ್ಕಕ್ಕೆ ತಗೆದುಕೊಳ್ಳುವ ಕೆಲಸ.

ಕೂತು ಕಂಡ ಎರಡನೇ ಸಂಗತಿ ಇನ್ನೂ ವಿಚಿತ್ರ. ಬೆರಕೆ ಬಂಗಾರವನ್ನು ಶುದ್ಧ ಮಾಡಬೇಕಾದರೆ ಮೊದಲು ಅದಕ್ಕೆ ಇನ್ನಷ್ಟು ಬೆರಕೆ ಮಾಡಬೇಕು. ಒಂದು ಪಾಲು ಬಂಗಾರಕ್ಕೆ ಮೂರು ಪಾಲು ಬೆಳ್ಳಿ ಕೂಡಿಸಿ ಕರಗಿಸಿ, ತೆಳ್ಳಗೆ ಬಡಿದು, ನೈಟ್ರಿಕ್ ಆಸಿಡ್ಡಿನಲ್ಲಿ ಕುದಿಸುತ್ತಾರೆ. ಕಾಕಾ ಆಸಿಡ್ಡಿಗೆ ತೇಜಾಬ ಎನ್ನುತ್ತಾನೆ. ಬಂಗಾರ ಹೆಚ್ಚಿದ್ದರೆ ಅದು ಬೆಳ್ಳಿಯನ್ನು ತನ್ನ ಮೈಯೊಳಗೆ ಮುಚ್ಚಿಟ್ಟುಕೊಳ್ಳುತ್ತದೆ, ತೇಜಾಬ ಒಳಗೆ ಹೋಗಲಾರದು. ಬೆಳ್ಳಿ ಹೆಚ್ಚಾದರೆ ದಾರಿಯಾಗುತ್ತದೆ. ಬೆಳ್ಳಿ, ತಾಮ್ರ ಎಲ್ಲ ಕರಗಿ ನೀಲಿ ಹಸಿರು ನೀರಾಗುತ್ತವೆ, ತಳದಲ್ಲಿ ಒಂದು ಕಂದು ಪುಡಿ ಉಳಿಯುತ್ತದೆ. ಕಾಕಾ ಅದನ್ನು ತೊಳೆದು ಬಿಳಿ ಬಸಿಯಲ್ಲಿ ನನ್ನ ಮುಂದಿಟ್ಟ. ಎಲೆ ಅಡಿಕೆಯ ಕಾಚಿನ ಪುಡಿಯಂತಿತ್ತು. “ಇದ ನೋಡ್ರಿ ನಿಮ್ಮ ಅಪ್ಪಟ ಬಂಗಾರ.” ಹೊಳಪಿಲ್ಲ, ಬಣ್ಣವಿಲ್ಲ. ದಾರಿಯಲ್ಲಿ ಬಿದ್ದಿದ್ದರೆ ದಾಟಿಕೊಂಡು ಹೋಗುತ್ತಿದ್ದೆ. ನೂರಕ್ಕೆ ನೂರು ಶುದ್ಧವಾದ ಕ್ಷಣದಲ್ಲೇ ಬಂಗಾರ ಹೀಗೆ ಕಾಣುತ್ತದೆ ಎಂದರೆ, ಪುಟಕ್ಕಿಟ್ಟ ಚಿನ್ನದ ಹಾಗೆ ಹೊಳೆಯಿರಿ ಎಂದು ವರ್ಷವರ್ಷ ಬೀಳ್ಕೊಡುವ ಸಮಾರಂಭದಲ್ಲಿ ನಾನು ಮಕ್ಕಳಿಗೆ ಹೇಳಿದ ಭಾಷಣಗಳನ್ನೆಲ್ಲ ಹಿಂದಕ್ಕೆ ತಗೆದುಕೊಳ್ಳಬೇಕಾದೀತು.

ತೇಜಾಬ ಕುದಿಯುವಾಗ ಕೆಂಗಂದು ಹೊಗೆ ಏಳುತ್ತದೆ. ನೈಟ್ರೋಜನ್ ಡೈಆಕ್ಸೈಡ್, ಒಳಗೆ ಎಳೆದುಕೊಂಡಾಗ ಅಷ್ಟೇನೂ ಗೊತ್ತಾಗುವುದಿಲ್ಲ, ತಾಸುಗಳ ಮೇಲೆ ಎದೆಯಲ್ಲಿ ನೀರು ತುಂಬಿಸಬಲ್ಲದು. ಕಾಕಾನ ಕೆಮ್ಮಿಗೆ ವಯಸ್ಸೊಂದೇ ಕಾರಣವಲ್ಲ. ನಾನೂ ಮನೆಯಲ್ಲಿ ಮಾಡಲೇ ಎಂದು ಕೇಳಿದ್ದಕ್ಕೆ ಕಾಕಾ ಮಾತಾಡಲಿಲ್ಲ. ಅಂಗಳದ ಆಚೆ ಗೋಡೆಗೆ ಹಬ್ಬಿದ್ದ ಮಲ್ಲಿಗೆ ಬಳ್ಳಿ ತೋರಿಸಿದ. ಹೊಗೆ ಹೋಗುವ ದಿಕ್ಕಿನ ಎಲೆಗಳೆಲ್ಲ ಕಂದಿದ್ದವು. ನಾನು ಎಕ್ಸ್‌ರೇಗೇ ನಿಂತೆ.

ಆದರೂ ಊರಿನಲ್ಲಿ ಸುದ್ದಿ ಬಂಗಾರದ್ದೇ ಹಬ್ಬಿತು. ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ತಿಮ್ಮಪ್ಪನಾಯಕನಿಗೆ ನೆಲದಲ್ಲಿ ಬಂಗಾರದ ಕೊಪ್ಪರಿಗೆ ಸಿಕ್ಕು, ಅದನ್ನೆಲ್ಲ ಹಂಚಿ ಕನಕನಾದ ಎಂಬ ಕತೆ ಕೇಳಿ ಬೆಳೆದ ಸೀಮೆ ಇದು. ಹಾವೇರಿ ತಾಲೂಕಿನ ಗಣಜೂರಿನ ನೆಲದಲ್ಲಿ ಬಂಗಾರದ ನಿಕ್ಷೇಪ ಇದೆ ಎಂಬುದು ಪೇಪರಿನಲ್ಲೇ ಬಂದಿದೆ. ಹಾಗಾಗಿ ನಿವೃತ್ತ ಮಾಸ್ತರನ ಹಿತ್ತಲಲ್ಲಿ ಹೊಗೆ ಎದ್ದರೆ ಯಾರೂ ಅಡಿಗೆ ಎಂದುಕೊಳ್ಳುವುದಿಲ್ಲ. ಹಳೇ ವಿದ್ಯಾರ್ಥಿಯೊಬ್ಬ ಒಂದು ರಟ್ಟಿನ ಪೆಟ್ಟಿಗೆ ತುಂಬ ಕೆಟ್ಟ ಮೊಬೈಲು ತಂದಿಟ್ಟ. “ಸರ, ಟೋಕಿಯೋ ಒಲಿಂಪಿಕ್ಸಿನ ಪದಕ ಮೊಬೈಲಿನ್ಯಾಗಿಂದ ತಗದಾರಂತ. ನಾವೂ ತಗಿಯೂಣು.”

ಅವನ ಮಾತು ಖರೆ. ಜಪಾನಿನವರು 62 ಲಕ್ಷ ಹಳೇ ಫೋನು ಮತ್ತು ಸುಮಾರು 79,000 ಟನ್ ಸಣ್ಣ ಎಲೆಕ್ಟ್ರಾನಿಕ್ ಸಾಮಾನು ಕೂಡಿಸಿದ್ದರು. ಬಂದ ಬಂಗಾರ 32 ಕಿಲೋ. ರಾಯಚೂರಿನ ಹಟ್ಟಿಯಲ್ಲಿ ಇವತ್ತಿಗೂ ಒಂದು ಟನ್ ಕಲ್ಲು ಪುಡಿ ಮಾಡಿ ತೆಗೆಯುವುದು ಕೆಲವೇ ಗ್ರಾಂ. ಆ ಲೆಕ್ಕದಲ್ಲಿ ಒಂದು ಟನ್ ಮೊಬೈಲು ಯಾವ ಗಣಿಗಿಂತಲೂ ಶ್ರೀಮಂತ. ಆದರೆ ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಟನ್ ಅಲ್ಲ, 31 ಮೊಬೈಲು. ಅವುಗಳೊಳಗಿನ ಸರ್ಕೀಟ್ ಹಲಗೆ ಸುಟ್ಟರೆ ಏಳುವ ಹೊಗೆ ತೇಜಾಬಿನದಕ್ಕಿಂತ ಕೆಟ್ಟದ್ದು. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮದ ಪ್ರಕಾರ ಇದನ್ನು ಒಡೆದು ಲೋಹ ತೆಗೆಯಲು ನೋಂದಣಿಯೂ ಬೇಕು. ಕೋಲಾರವನ್ನೇ ನೋಡಿ, ಅಲ್ಲಿ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಸಯನೈಡಿನಲ್ಲಿ ತೊಳೆದು ಬಿಟ್ಟ ಮಣ್ಣಿನ ಗುಡ್ಡಗಳು ಇನ್ನೂ ನಿಂತಿವೆ, ಗಾಳಿ ಎದ್ದರೆ ಆ ಧೂಳು ಮಂದಿಯ ಮನೆಯೊಳಗೆ ಬರುತ್ತದೆ. ಬಂಗಾರ ಎಲ್ಲಿಗೋ ಹೋಯಿತು, ರಾಡಿ ಊರಲ್ಲೇ ಉಳಿಯಿತು. ಇದನ್ನೆಲ್ಲ ಹೇಳಿ ಪೆಟ್ಟಿಗೆಯನ್ನು ಹುಬ್ಬಳ್ಳಿಗೆ, ಇದನ್ನು ತಗೆದುಕೊಳ್ಳುವ ಅಧಿಕಾರವಿದ್ದವರಿಗೆ ಕಳಿಸಿದೆ. ಹುಡುಗನ ಮುಖ ಸಣ್ಣಗಾಯಿತು. ಅವನನ್ನು ಸಮಾಧಾನ ಮಾಡಲು ಒಂದು ಕತೆ ಹೇಳಿದೆ.

1940ರಲ್ಲಿ ಹಿಟ್ಲರನ ದಂಡು ಕೋಪನ್‌ಹೇಗನ್ನಿಗೆ ನುಗ್ಗಿದ ದಿನ, ನೀಲ್ಸ್ ಬೋರನ ಪ್ರಯೋಗಾಲಯದಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಪದಕಗಳಿದ್ದವು. ಮ್ಯಾಕ್ಸ್ ಫಾನ್ ಲಾವೆ ಮತ್ತು ಜೇಮ್ಸ್ ಫ್ರಾಂಕ್ ಎಂಬವರವು. ಸಿಕ್ಕರೆ ಲಾವೆಯ ಪ್ರಾಣಕ್ಕೇ ಸಂಚಕಾರ. ಹೆವೆಸಿ ಎಂಬ ರಸಾಯನಶಾಸ್ತ್ರಜ್ಞ ಎರಡನ್ನೂ ಅಕ್ವಾ ರೀಜಿಯಾದಲ್ಲಿ ಕರಗಿಸಿಬಿಟ್ಟ. ನೈಟ್ರಿಕ್ಕಿಗೆ ಹೈಡ್ರೋಕ್ಲೋರಿಕ್ ಕೂಡಿಸಿದ ಈ ರಾಜದ್ರಾವಣ ಬಂಗಾರವನ್ನೂ ಬಿಡದು. ಸೈನಿಕರು ಎಲ್ಲ ಜಾಲಾಡಿದರು. ಕಪಾಟಿನ ಮೇಲಿನ ಕಿತ್ತಳೆ ಬಣ್ಣದ ನೀರಿನ ಸೀಸೆಯನ್ನು ಯಾರು ನೋಡಬೇಕು? ಯುದ್ಧ ಮುಗಿದಾಗ ಸೀಸೆ ಇಟ್ಟಲ್ಲೇ ಇತ್ತು. ಬಂಗಾರ ಮರಳಿ ಬಂತು, ಅದರಿಂದಲೇ ಪದಕ ಮತ್ತೆ ಅಚ್ಚಾಯಿತು. “ಅಂದ್ರ ಕರಗಿದ್ದು ಕಳದಂಗಲ್ಲ” ಎಂದು ಹುಡುಗ ಹೇಳಿದ. ಮೂವತ್ತು ವರ್ಷದಲ್ಲಿ ಇಷ್ಟು ಚೊಲೊ ಉತ್ತರ ನನಗೆ ಕ್ಲಾಸಿನಲ್ಲಿ ಸಿಕ್ಕಿರಲಿಲ್ಲ.

ಕೊನೆಗೆ ನನ್ನ ಬೆಳ್ಳಿ. ಈ ಸಲ ಸ್ಟೀಲಿನ ಪಾತ್ರೆ. ಅದೂ ನಾನೇ ಸಂತೆಯಿಂದ ಕೊಂಡು ತಂದದ್ದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ. ಬಿಸಿ ಕ್ಷಾರಕ್ಕೆ ಫಿಲಂ ಇಳಿಬಿಟ್ಟರೆ ಮೇಲಿನ ಜಿಲೆಟಿನ್ ಸಡಿಲಾಗಿ ಕಪ್ಪೆಲ್ಲ ಮಸಿಯಂತೆ ಇಳಿಯುತ್ತದೆ. ಯಾರದೋ ದವಡೆ, ಯಾರದೋ ಬೆನ್ನೆಲುಬು ಒಂದೊಂದಾಗಿ ಅಳಿಸಿ ಹೋಗಿ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆ ಉಳಿಯಿತು. ಕೆಸರು ರಾತ್ರಿಯೆಲ್ಲ ತಳಕ್ಕೆ ಕೂತಿತು. ಹಳೇ ಧೋತರದ ತುಂಡಿನಲ್ಲಿ ಸೋಸಿ, ತೊಳೆದು, ಒಣಗಿಸಿದಾಗ ಒಂದು ಹಿಡಿ ಕಾಡಿಗೆ ಪುಡಿ. ಕಾಕಾ ಅದಕ್ಕೆ ಬಿಳಿಗಾರ, ಸೋಡಾ ಕೂಡಿಸಿ ಮೂಸೆಗೆ ಹಾಕಿದ. ಬೆಳ್ಳಿ ಕರಗಲು 962 ಡಿಗ್ರಿ ಬೇಕು. ಮೊದಲು ಅದು ಡಾಂಬರಿನಂತೆ ಕುದಿಯಿತು, ಆಮೇಲೆ ಕಿಟ್ಟ ಬದಿಗೆ ಸರಿಯಿತು. ನಡುವೆ ಒಂದು ಹನಿ ದುಂಡಗಾಗಿ, ಕನ್ನಡಿಯಾಗಿ, ಕಾಕಾನ ಮೂಗನ್ನು ತೋರಿಸಿತು. ಬೆಂಕಿ ತೆಗೆದ ಮೇಲೆ, ಗಟ್ಟಿಯಾಗುವ ಹೊತ್ತಿಗೆ, ಹನಿ ಪಟ್ ಎಂದು ಒಂದು ಕಣ ಉಗುಳಿತು. ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕವನ್ನು ಹೀರಿಟ್ಟುಕೊಂಡಿರುತ್ತದೆ, ಆರುವಾಗ ಬಿಟ್ಟುಬಿಡುತ್ತದೆ. “ಉಸರು ಬಿಟ್ಟಿತು ನೋಡ್ರಿ” ಎಂದ ಕಾಕಾ.

38 ಫಿಲಂ, ಬಂದದ್ದು 9 ಗ್ರಾಂ. ಸೋಡಾ, ಗ್ಯಾಸು, ಮೂಸೆ, ಸ್ಟೀಲಿನ ಪಾತ್ರೆ ಮತ್ತು ಸ್ವರ್ಗಸ್ಥ ಬೋಗುಣಿ, ಇಷ್ಟರ ಲೆಕ್ಕ ನಮ್ಮಾಕೆ ಬಾಯಲ್ಲೇ ಮಾಡಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವ್ವನ ನಾಲ್ಕು ಫಿಲಂ ಮಾತ್ರ ಹಾಗೇ ಇಟ್ಟಿದ್ದೇನೆ. ಅವುಗಳಿಂದ ಬೆಳ್ಳಿ ತೆಗೆಯಬಹುದು. ಆದರೆ ಬೆಳ್ಳಿ ತೆಗೆದರೆ ಅವ್ವ ಎಲ್ಲಿ ಉಳಿಯುತ್ತಾಳೆ?

ಆ ಬೆಳ್ಳಿಯ ಗುಂಡಿನ ಜೊತೆ ಅವ್ವನ ಕಾಲುಂಗುರವನ್ನೂ ಕಾಕಾನ ಹತ್ತಿರ ಒಯ್ದಿದ್ದೆ, ತಿಕ್ಕಿ ತೊಳೆಸಲು. ಅಪ್ಪ ತೀರಿದ ದಿನ ತೆಗೆದಿಟ್ಟವು. ಕಾಕಾ ತಕ್ಕಡಿಗೆ ಹಾಕಿ, ಒಳಗೆ ಹೋಗಿ ತನ್ನ ಅಪ್ಪನ ಕಾಲದ ಉದ್ದನೆ ಕೀರ್ದಿ ತಂದ. 1961ರ ಹಾಳೆಯಲ್ಲಿ ನಮ್ಮ ಅಜ್ಜನ ಹೆಸರಿನ ಮುಂದೆ ‘ಕಾಲುಂಗುರ ಜೋಡು, 2 ತೊಲಿ’ ಎಂದಿತ್ತು. ಎರಡು ತೊಲಿ ಎಂದರೆ 23 ಗ್ರಾಂ ಮೇಲೆ ಚೂರು. ತಕ್ಕಡಿಯಲ್ಲಿ ಇದ್ದದ್ದು 17. ಉಂಗುರದ ಕೆಳಮೈ, ನೆಲಕ್ಕೆ ತಾಗುವ ಕಡೆ, ಕಾಗದದಷ್ಟು ತೆಳ್ಳಗಾಗಿತ್ತು.

“ಆರು ಗ್ರಾಂ ಸವಕಳಿ” ಎಂದ ಕಾಕಾ. ಎಲ್ಲಿ ಹೋಯಿತು ಎಂದು ಕೇಳಬಾರದಿತ್ತು, ಕೇಳಿದೆ. “ಎಲ್ಲಿ ಹೋಗತೈತ್ರಿ? ನಿಮ್ಮ ಅಂಗಳಕ, ಹಿತ್ತಲಕ, ಭಾವಿ ದಾರಿಗೆ, ಹೊಲಕ. ನಲವತ್ತು ವರ್ಷ ತಿರಿಗ್ಯಾಡ್ಯಾರ. ನಿಮ್ಮ ಗುಂಡು ಒಂಬತ್ತು ಗ್ರಾಂ ಐತಿ. ಕೂಡಿಸಿ ಮತ್ತ ಎರಡು ತೊಲಿ ಮಾಡ್ಲೇನು? ಮ್ಯಾಲ ಚೂರು ಉಳೀತೈತಿ.” ಬೇಡ ಎಂದೆ. ತೇಜಾಬಿನಲ್ಲಿ ಕರಗಿದ ಪದಕ ಸೀಸೆಯಲ್ಲಿ ಪೂರ್ತಿ ಇತ್ತು. ಈ ಆರು ಗ್ರಾಂ ಯಾವ ಸೀಸೆಯಲ್ಲೂ ಇಲ್ಲ. ಕರಗಿದ್ದನ್ನು ಮರಳಿಸುವ ವಿದ್ಯೆ ಕಾಕಾ ನನಗೆ ಕಲಿಸಿದ್ದಾನೆ. ಸವೆದದ್ದಕ್ಕೆ ಅವನ ಹತ್ತಿರ ಇರುವುದು ಕೀರ್ದಿಯಲ್ಲಿ ಒಂದು ಮನೆ ಮಾತ್ರ.

ಮರುದಿನ ಬೆಳಗಾಗುವುದರೊಳಗೆ ನಮ್ಮಾಕೆ ಅಂಗಳ ಗುಡಿಸುತ್ತಿದ್ದಳು. ನಾನು ಚಹಾ ಹಿಡಿದು ಕಟ್ಟೆಯ ಮೇಲೆ ಕೂತವನು ತಡೆಯಲಾರದೆ ಹೇಳಿಬಿಟ್ಟೆ, “ಸಾವಕಾಶ ಗುಡಸು, ಅದರಾಗ ಬೆಳ್ಳಿ ಐತಿ.”

ಆಕೆ ಸೊಂಟ ನೆಟ್ಟಗೆ ಮಾಡಿ ನನ್ನನ್ನು ಒಂದು ಸಲ ನೋಡಿದಳು, ಕಸವನ್ನು ಒಂದು ಸಲ ನೋಡಿದಳು. “ಹೌದೇನ್ರಿ? ಹಂಗಾರ ನೀವ ಗುಡಸ್ರಿ” ಎಂದು ಕಸಬರಿಗೆಯನ್ನು ಕೈಗೆ ಕೊಟ್ಟು ಒಳಗೆ ಹೋದಳು.

ಗುಡಿಸಿದೆ. ಅವತ್ತಿನಿಂದ ದಿನಾ ನಾನೇ ಗುಡಿಸುತ್ತೇನೆ.